ಒಂದು ತಲೆ ಕಡಿಮೆ

ಅಂಗಡಿಯ ಟೀ ಮುಟ್ಟದ ಅಮ್ಮನಿಗೆಂದು ಎರಡು ಬಾಳೆಹಣ್ಣು ಕೊಂಡು ವಿದ್ಯಾಧೀಶ ತಮ್ಮನ ಕಾರಿನ ಹಿಂಬಾಗಿಲು ತೆಗೆದ. ಸೀಟಿನ ಮೇಲೆ ಮಕ್ಕಳ ಸ್ವೆಟರುಗಳ ರಾಶಿ ಮಾತ್ರ ಇತ್ತು.

“ವಾದೀಶಾ, ಅಮ್ಮ ಎಲ್ಲೋ?”

“ನಿನ್ನ ವಂಡೀಲಿ ಅಲ್ವಾಣ್ಣಾ?” ನಗುತ್ತಲೇ ತಿರುಗಿದ ತಮ್ಮ ಅಣ್ಣನ ಮುಖ ನೋಡಿ ಲೋಟ ಕೆಳಗಿಟ್ಟ. “ಅಯ್ಯೋ... ನಾನು ಅಂದ್ಕೊಂಡೆ...”

“ನಾನೂ ಅದೇ ಅಂದ್ಕೊಂಡೆ.”

ವಾದೀಶ ಅಮ್ಮನ ನಂಬರಿಗೆ ಫೋನು ಮಾಡಿದ. ಅದು ವಿದ್ಯಾಧೀಶನ ಕಾರಿನೊಳಗೆ, ಸೀಟಿನ ಸಂದಿಯಲ್ಲಿ ಹೊಡೆದುಕೊಂಡಿತು.

ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಎರಡು ಕಾರಿನಲ್ಲಿ ಹತ್ತುವ ವಾಲ್ಪಾರೈ ಘಾಟಿಯ ಇಪ್ಪತ್ತನಾಲ್ಕನೆಯ ತಿರುವಿನ ಟೀ ಅಂಗಡಿ ಅದು. ವಿದ್ಯಾಧೀಶ ತಿರುಪ್ಪೂರಿನಲ್ಲಿ ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿದ್ದವನು. ಎರಡು ಸಲ ನೋಡದೆ ಯಾವುದಕ್ಕೂ ಸಹಿ ಹಾಕಿದವನಲ್ಲ. ಬೆಳಿಗ್ಗೆ ಕೊಯಮತ್ತೂರು ಬಿಡುವಾಗ ತಲೆ ಎಣಿಸಿದ್ದ, ಎಂಟು. ಪೊಳ್ಳಾಚಿಯಲ್ಲಿ ಇಡ್ಲಿ ತಿಂದು ಏಳುವಾಗ ಎಂಟು. ಆಳಿಯಾರು ಅಣೆಕಟ್ಟಿನ ಬುಡದಲ್ಲೂ ಎಂಟು. ಒಂಬತ್ತನೆಯ ತಿರುವಿನಲ್ಲಿ ಕೆರೆ ನೋಡಲು ಇಳಿದಾಗ ಮಾತ್ರ ಒಂದು ಕಾಡುಮೇಕೆ ಗೋಡೆಯ ಮೇಲೆ ಬಂದು ನಿಂತಿತು. ಮಕ್ಕಳು ಕಿರುಚಿದರು, ದೊಡ್ಡವರು ಫೋನು ಹಿಡಿದು ಓಡಿದರು. ಅಷ್ಟರಲ್ಲಿ ಹಿಂದೆ ಬಸ್ಸಿನವನು ಹಾರ್ನ್ ಒತ್ತಿದ್ದೇ ತಡ, ಯಾರು ಯಾವ ಕಾರಿಗೆಂದು ನೋಡದೆ ಎಲ್ಲರೂ ಹತ್ತಿ ಕೂತರು. ಅಲ್ಲೊಂದು ಕಡೆ ಅವನು ಎಣಿಸಿರಲಿಲ್ಲ.

“ನಾನೂ ಬರ್ತೀನಣ್ಣಾ.”

“ಬೇಡ. ಇಲ್ಲೇ ಇರು. ಇರೋರನ್ನಾದ್ರೂ ಒಂದ್ಸಾರಿ ಎಣಿಸು.”

ಇಳಿಯುವಾಗ ಹಳದಿ ಫಲಕಗಳ ಸಂಖ್ಯೆ ಒಂದೊಂದಾಗಿ ಕಡಿಮೆಯಾಗುತ್ತ ಬಂತು. ಇಪ್ಪತ್ತೆರಡು. ಇಪ್ಪತ್ತೊಂದು. ಪಕ್ಕದ ಖಾಲಿ ಸೀಟಿನ ಮೇಲೆ ಬಾಳೆಹಣ್ಣು ಪ್ರತಿ ತಿರುವಿಗೂ ಈ ಅಂಚಿನಿಂದ ಆ ಅಂಚಿಗೆ ಜಾರುತ್ತಿತ್ತು. ಅಮ್ಮನಿಗೆ ಎಪ್ಪತ್ತಾರು. ಸಕ್ಕರೆ ಕಾಯಿಲೆ. ಅಲ್ಲಿನ ಗೋಡೆ ಮೊಣಕಾಲಿನೆತ್ತರ, ಅದರಾಚೆ ಪ್ರಪಾತ. ಕೈಯಲ್ಲಿ ಚೀಲ ಕಂಡರೆ ಕೋತಿಗಳು ಬಿಡುವುದಿಲ್ಲ. ಬಿಟ್ಟು ಬಂದು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕಿದ. ನಲವತ್ತು ನಿಮಿಷ, ಇಳಿಯಲು ಇನ್ನೂ ಇಪ್ಪತ್ತು. ಲೆಕ್ಕದಿಂದ ಸಮಾಧಾನವೇನೂ ಆಗಲಿಲ್ಲ. ಹದಿನಾಲ್ಕರಲ್ಲಿ ಮೇಲೆ ಬರುವ ಬಸ್ಸಿಗೆ ದಾರಿ ಬಿಟ್ಟು ನಿಂತಾಗ ಕಿಟಕಿಯಿಂದ ಕತ್ತು ಚಾಚಿ ಕೆಳಗಿನ ತಿರುವುಗಳನ್ನು ನೋಡಿದ.

ಒಂಬತ್ತರಲ್ಲಿ ಅವನು ಬಾಯಿ ತೆರೆಯುವ ಮೊದಲೇ, ದೊಡ್ಡ ಕೊಡೆಯಡಿ ಮಾವಿನಕಾಯಿ ಹೆಚ್ಚುತ್ತಿದ್ದ, ವರ್ಷವೂ ಕಾಣುವ ಪಂಕಜಂ ಅಲ್ಲಿ ನೋಡಿ ಎಂದು ಕತ್ತಿಯ ತುದಿಯಲ್ಲೇ ತೋರಿಸಿದಳು. “ಅಮ್ಮಾವಾ ಸಾರ್? ಅಂಗ ಪಾರುಂಗ.”

ಬಂಡೆಯ ನೆರಳಿನಲ್ಲಿ ಅಂಬುಜಮ್ಮ ಕಾಲು ನೀಡಿ ಕೂತಿದ್ದರು. ಕೆಳಗೆ, ಬೆಟ್ಟಗಳ ನಡುವೆ, ಆಳಿಯಾರಿನ ನೀರು ಅಲುಗದೆ ಬಿದ್ದಿತ್ತು. ವಿದ್ಯಾಧೀಶ ಅತ್ತ ಓಡಿದ. ಎರಡು ಹೆಜ್ಜೆ ದೂರದಲ್ಲೇ, ಮಣ್ಣಿನ ಮೇಲೆ, ಕುಸಿದು ಕೂತ.

“ಬಂದ್ಯಾ? ಮಣ್ಣಲ್ಲಿ ಯಾಕೋ, ಇತ್ತ ಬಾ” ಎಂದು ಅಮ್ಮ ಜಮಖಾನೆಯ ಮೇಲೆ ಸರಿದು ಜಾಗ ಮಾಡಿದರು.

ಜಮಖಾನೆ. ವಿದ್ಯಾಧೀಶ ಅದನ್ನೇ ನೋಡಿದ. ಅದು ಅವನ ಕಾರಿನ ಡಿಕ್ಕಿಯಲ್ಲಿದ್ದದ್ದು. ಪಕ್ಕದಲ್ಲಿ ಮಡಚಿಟ್ಟ ಕೊಡೆ ವಾದೀಶನ ಕಾರಿನದು. ಅದರಾಚೆ ಮಡಿ ಚೀಲ, ತಂಬಿಗೆ, ಜೋಡಿಸಿಟ್ಟ ಚಪ್ಪಲಿ. ಮರೆತು ಬಿಟ್ಟುಹೋದವರ ಬಳಿ ಎರಡೂ ಕಾರಿನ ಸಾಮಾನು ಇರುವುದು ಹೇಗೆ?

“ಅಮ್ಮಾ... ನೀನೇ ಇಳ್ಕೊಂಡ್ಯಾ?”

“ನೀವೆಲ್ಲ ಮೇಕೆ ನೋಡ್ತಿದ್ರಲ್ಲ, ಆಗ ಬೇಕಾದ್ದು ಎತ್ತಿಕೊಂಡೆ. ಎರಡು ವಂಡೀನೂ ಹೊರಡೋತನಕ ಇವಳ ಕೊಡೆ ಹಿಂದೆ ನಿಂತಿದ್ದೆ.” ಪಂಕಜಂ ಅತ್ತ ಮುಖ ತಿರುಗಿಸಿ ನಕ್ಕಳು. ಭಾಷೆ ತಿಳಿಯದಿದ್ದರೂ ವಿಷಯ ಅವಳಿಗೆ ಗೊತ್ತಿತ್ತು.

“ಯಾಕಮ್ಮಾ? ನನ್ನ ಜೀವಾನೇ ಹೋಗಿತ್ತು!”

“ಪ್ರತಿ ವರ್ಷ ಒಂಬತ್ತರವರೆಗೆ ಹೆಂಗೋ ತಡ್ಕೋತೀನಪ್ಪಾ. ಆಮೇಲೆ ತಲೆ ಸುತ್ತಿ ಹೊಟ್ಟೆ ತೊಳೆಸುತ್ತೆ. ಕಣ್ಣು ಮುಚ್ಚಿದ್ರೆ ಸಾಯಂಕಾಲ ಕೆಳಗೆ ಇಳಿದ ಮೇಲೇನೇ ತೆಗೆಯೋದು. ಕೊನೇ ತಿರುವು, ಆ ನಲವತ್ತನೇದು ಹೆಂಗಿದೆ ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ.”

“ಒಂದು ಮಾತು ಹೇಳಬಾರ್ದಿತ್ತಾ?”

“ಹೇಳಿದ್ರೆ ಎಲ್ಲಾರೂ ವಾಪಸ್ ಇಳೀತೀರಿ. ಮಕ್ಕಳು ಮುಖ ಊದಿಸ್ಕೋತಾವೆ. ನೀನು ಡಾಕ್ಟರು, ಟೆಸ್ಟು ಅಂತ ಶುರು ಮಾಡ್ತೀಯ.” ಅಮ್ಮ ನೀರಿನ ಕಡೆ ಗಲ್ಲ ಎತ್ತಿದರು. “ಅಲ್ಲಿ ನೋಡು. ನಾನು ಕೂತಾಗಿಂದ ಮೋಡದ ನೆರಳು ಮೂರು ಸಾರಿ ದಾಟಿ ಹೋಯ್ತು.”

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ವಾದೀಶ. “ಅಣ್ಣಾ, ಸಿಕ್ಕಿದ್ಲಾ?”

ವಿದ್ಯಾಧೀಶ ಅಮ್ಮನನ್ನು ನೋಡಿದ. ಅವರು ಕೆರೆಯನ್ನು ನೋಡುತ್ತಿದ್ದರು.

“ಸಿಕ್ಕಿದ್ಲು. ಚೆನ್ನಾಗಿದಾಳೆ. ನೀವು ಮೇಲೆ ಹೋಗಿ ಸುತ್ತಾಡಿ ಬನ್ನಿ. ಎಲ್ಲರೂ ನಿನ್ನ ವಂಡೀಲಿ ಇಕ್ಕಟ್ಟಾಗಿ ಕೂತ್ಕೊಳ್ಳಿ, ಪರವಾಯಿಲ್ಲೆ. ನಾವು ಇಲ್ಲೇ ಇರ್ತೀವಿ.”

ಚಪ್ಪಲಿ ಬಿಟ್ಟು ಜಮಖಾನೆಯ ಮೇಲೆ ಕೂತ. ಬಾಳೆಹಣ್ಣು ಕಾರಿನಲ್ಲೇ ಉಳಿದದ್ದು ಆಗ ನೆನಪಾಯಿತು. ಅಮ್ಮ ಮಡಿ ಚೀಲದಿಂದ ಡಬ್ಬಿ ತೆಗೆದರು. ಅದರ ಮುಚ್ಚಳದಲ್ಲಿ ಒಂದು ಪಾಲು ಮೊಸರನ್ನ, ಮೇಲೊಂದು ಉಪ್ಪಿನಕಾಯಿ ಮಿಡಿ, ಬಾಳೆಲೆಯ ತುಂಡು ಮುಚ್ಚಿ ಆಗಲೇ ಎತ್ತಿಟ್ಟಿತ್ತು.

“ಇದ್ಯಾರಿಗೆ?” ಎಂದ.

“ತಲೆ ಎಣಿಸೋನು ನಮ್ಮನೇಲಿ ಇನ್ಯಾರಿದಾರೆ?” ಅಮ್ಮ ಮುಚ್ಚಳವನ್ನು ಅವನ ಕೈಗಿಟ್ಟರು. “ಇನ್ನೊಂದು ಅರ್ಧ ಗಂಟೆ ತಡವಾಗಿ ಎಣಿಸ್ತೀಯ ಅಂದ್ಕೊಂಡಿದ್ದೆ.”