ಅಮ್ಮ ಬಿಚ್ಚಿದ ಬೋರ್ಡು

ಹೊಳೆನೀರಲ್ಲಿ ನೆನೆದ ಟವೆಲ್ಲಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ನ್ಯೂಜಿಲೆಂಡಿನ ನಮ್ಮ ಊರಿನ ಉಣ್ಣೆ ಗಿರಣಿ ಮುಚ್ಚಿ ಬಹಳ ವರ್ಷವಾಗಿದ್ದರೂ, ಅದರ ಹಿಂದಿನ ಹೊಳೆಯ ದಂಡೆಯಲ್ಲಿ ‘ಈಜಬೇಡಿ’ ಎಂಬ ಬೋರ್ಡು ಹಾಗೇ ನಿಂತಿತ್ತು. ಗಿರಣಿಯಲ್ಲೇ ದುಡಿದು ಮುದುಕರಾಗಿದ್ದ ಪಕ್ಕದ ಮನೆಯ ಜಿಮ್ ಅಂಕಲ್, ಈ ಹೊಳೆ ಸತ್ತುಹೋಗಿದೆ ಎನ್ನುತ್ತಿದ್ದರು. ಧಾರವಾಡದಿಂದ ಬಂದ ನನ್ನಮ್ಮನಿಗೆ ಕೌನ್ಸಿಲ್ಲಿನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ನೀರು ಪರೀಕ್ಷಿಸುವ ಕೆಲಸ. ಗಿರಣಿ ಮುಚ್ಚಿದ ಮೇಲೂ ಹೊಳೆಗೆ ಕೊಳಕು ಬಿಡುತ್ತಿದ್ದ ಹಳೆಯ ಪೈಪುಗಳನ್ನು ಹುಡುಕಿ ಹುಡುಕಿ ಮುಚ್ಚಿಸಲು ಆಕೆಗೆ ಆರು ವರ್ಷ ಹಿಡಿಯಿತು.

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ, ನೀರು ಶುದ್ಧವಾಗಿದೆ ಎಂಬ ವರದಿ ಬಂತು. ಬೋರ್ಡು ಬಿಚ್ಚುವ ಸ್ಪ್ಯಾನರನ್ನು ದಂಡೆಯಲ್ಲಿ ಸೇರಿದ್ದ ಊರವರೆಲ್ಲ ಅಮ್ಮನ ಕೈಗೇ ಕೊಟ್ಟರು. ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಎನ್ನಲಿಲ್ಲ. ಅಮ್ಮ ಇಡೀ ಮೈಭಾರ ಹಾಕಿ ತಿರುಗಿಸಿದಳು. ಬೋರ್ಡು ಹುಲ್ಲಿನ ಮೇಲೆ ಧೊಪ್ಪೆಂದು ಬಿತ್ತು.

“ಏನ್ ನೋಡಾಕತ್ತಿ? ಜಿಗಿ!” ಎಂದಳು ನನಗೆ.

“ಆರ್ ಯೂ ಶೂರ್, ಅಮ್ಮ?”

“ಆರು ವರ್ಷ ನೋಡೇನಿ. ಜಿಗಿ!”

ಜಿಗಿದೆ. ತಲೆ ಮೇಲೆತ್ತಿದಾಗ ಜಿಮ್ ಅಂಕಲ್ ಬೂಟು ಸಮೇತ ನೀರಿನಲ್ಲಿ ನಿಂತು ಅಳುತ್ತಿದ್ದರು, ನಗುತ್ತಲೂ ಇದ್ದರು. ಈಜು ಬಾರದ ಅಮ್ಮ ಸೊಂಟದವರೆಗೆ ಇಳಿದು, ದಂಡೆಯ ಜನರಿಗೆಲ್ಲ ಕೈ ಬೀಸಿ, “ಬರ್ರೀ, ಎಲ್ಲಾರೂ ಬರ್ರೀ!” ಎಂದು ಕೂಗಿದಳು. ಕನ್ನಡದ ಒಂದಕ್ಷರ ತಿಳಿಯದ ಆ ಊರು ಪೂರ್ತಿ ನೀರಿಗೆ ಧುಮುಕಿತು.