ಮೆಣಸಿನ ಕಡೆಗೆ ಹೋದ ಚೆಂಡು

ಕಾಳುಮೆಣಸಿನ ಡಬ್ಬಿ ತೆಗೆದಾಗಲೆಲ್ಲ ನನಗೆ ಅಪ್ಪಯ್ಯನ ಕವರ್ ಡ್ರೈವ್ ನೆನಪಾಗುತ್ತದೆ.

ಯಲ್ಲಾಪುರದ ಮನೆಯಲ್ಲಿ ಆ ಮಧ್ಯಾಹ್ನ ಟೆಸ್ಟ್ ಪಂದ್ಯ ನೋಡುತ್ತಿದ್ದೆವು. ಫಾರ್ಮ್ ಕಳೆದುಕೊಂಡಿದ್ದ ನಮ್ಮ ಆರಂಭಿಕ ಆಟಗಾರ ಆಫ್ ಸ್ಟಂಪಿನಾಚೆಯ ಚೆಂಡನ್ನು ಕೆಣಕಿ ಮತ್ತೆ ಸ್ಲಿಪ್ಪಿಗೆ ಕ್ಯಾಚ್ ಕೊಟ್ಟ. ಅಪ್ಪಯ್ಯ ಹಣೆ ಚಚ್ಚಿಕೊಂಡ.

"ಹೊರಗೆ ಹೋಪ ಬಾಲು ಮಾರಾಯಾ! ಸುಮ್ಮನೆ ಬಿಡಲೆ ಆಗ್ತಿಲ್ಯನಾ?"

ಟೀವಿ ಆರಿಸಿ, ಬಿಡುವುದು ಹೇಗೆಂದು ತೋರಿಸಲು ನನ್ನನ್ನೂ ಅಣ್ಣನನ್ನೂ ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಆಫ್ ಸೈಡಿನ ತುಂಬ ಅಜ್ಜಿಯ ಮೆಣಸು ಒಣಗುತ್ತಿತ್ತು. ಅರ್ಧ ಹಸಿರು, ಅರ್ಧ ಕಪ್ಪು. ಅದರ ಘಾಟಿಗೆ ಮೂಗು ಚುರುಗುಟ್ಟುತ್ತಿತ್ತು. ಚೆಂಡು ಮೆಣಸಿಗೆ ಬಿದ್ದರೆ ಔಟು, ಚೆಲ್ಲಿದ್ದನ್ನು ಹೊಡೆದವರೇ ಹೆಕ್ಕಬೇಕು ಎಂಬುದು ಅಜ್ಜಿಯ ಕಾನೂನು.

ಅಣ್ಣ ಎಸೆದ ಮೊದಲ ಚೆಂಡನ್ನು ಅಪ್ಪಯ್ಯ ಬ್ಯಾಟ್ ಎತ್ತಿ ಗಂಭೀರವಾಗಿ ಬಿಟ್ಟ. ಎರಡನೆಯದನ್ನೂ ಬಿಟ್ಟ.

"ನೋಡಿದ್ಯನೇ ಕೂಸೆ? ಆಸೆ ಮಾಡಲಾಗ."

ಮುಂದಿನದು ಹದವಾಗಿ ಪುಟಿದು ಆಚೆ ಹೊರಟಿತು. ಅಪ್ಪಯ್ಯನ ಮುಂಗಾಲು ತಾನಾಗಿಯೇ ಅದರ ಹಿಂದೆ ಹೋಯಿತು. ಅಷ್ಟು ಸೊಗಸಾದ ಹೊಡೆತವನ್ನು ನಾನು ಆವರೆಗೆ ಕಂಡಿರಲಿಲ್ಲ. ಮೆಣಸು ಅಂಗಳದ ತುಂಬ ಚಿಮ್ಮಿತು.

ಜಗುಲಿಯಲ್ಲಿ ಕೂತಿದ್ದ ಅಜ್ಜಿ ದನಿ ಏರಿಸಲಿಲ್ಲ. "ಟೀವಿಯಂವಂಗೆ ಬೈದ್ಯಲಾ ತಮಾ, ಈಗ ಹೆಕ್ಕು."

ಅಪ್ಪಯ್ಯ ಕುಕ್ಕರಗಾಲಲ್ಲಿ ಕೂತು ಹೆಕ್ಕತೊಡಗಿದ. ನಾನೂ ಪಕ್ಕದಲ್ಲಿ ಕೂತೆ. ಬೊಗಸೆ ತುಂಬಿದ ಮೇಲೆ, ತಲೆ ಎತ್ತದೆಯೇ ಹೇಳಿದ:

"ಪಾಪ, ಅವಂಗೂ ಆ ಬಾಲು ಚಂದ ಕಂಡಿಕ್ಕು."