ತಾಮ್ರದ ಮೇಲಿನ ಹಾಳೆ

ತಂಗಿ ಹಳೆಯ ಬನಿಯನ್ ಚೂರಿನಿಂದ ಪ್ರೊಸೆಸರ್ ಮೇಲಿನ ಶಾಖ ದಾಟಿಸುವ ಬೂದು ಪೇಸ್ಟನ್ನು ಒರೆಸುತ್ತಿದ್ದಳು. ಅಣ್ಣ ಬಿಡಿಬಿಡಿಯಾಗಿ ತಂದು ಜೋಡಿಸಿದ ಕಂಪ್ಯೂಟರ್ ಹತ್ತೇ ನಿಮಿಷಕ್ಕೆ ಕಾದು ಆರಿಹೋಗುತ್ತಿತ್ತು. ಇವತ್ತೂ ಆರಿದರೆ ಗುಜರಿಗೆ ಎಂದು ಅಪ್ಪ ಬೆಳಿಗ್ಗೆಯೇ ಹೇಳಿಯಾಗಿತ್ತು.

"ಮೆಲ್ಲಗೆ ಕಣೇ, ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಡ," ಎಂದ ಅಣ್ಣ. ಅವಳು ಪ್ರೊಸೆಸರಿನ ಶಾಖ ಹೀರಬೇಕಾದ, ಫ್ಯಾನಿನ ತಳದ ತಾಮ್ರದ ಬಿಲ್ಲೆಯನ್ನೂ ಒರೆಸಿ ಬೆರಳಾಡಿಸಿದಳು. ಶಾಲೆ ಬಿಟ್ಟಂದಿನಿಂದ ಬಟ್ಟೆ ಹೊಲಿಯುತ್ತ ಬಂದ ಬೆರಳು ಅಂಚಿನಲ್ಲಿ ತಡೆದು ನಿಂತಿತು. ಸೂಜಿಮೊನೆಯಿಂದ ಮೆಲ್ಲನೆ ಮೀಟಿದಳು. ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ ಹಾಳೆಯೊಂದು ಎದ್ದು ಬಂತು. ಜೋಡಿಸುವ ಮೊದಲೇ ಕೀಳಬೇಕಾಗಿದ್ದ ಅದನ್ನು ಅಣ್ಣ ಹಾಗೇ ಬಿಟ್ಟಿದ್ದ.

"ಕಂಬಳಿ ಹೊದಿಸಿ ಗಾಳಿ ಬೀಸ್ತಿದ್ಯಲ್ಲೋ," ಎಂದರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ.

ಹೊಸ ಪೇಸ್ಟ್ ಹಚ್ಚಿ, ಬಿಗಿದು, ಚಾಲೂ ಮಾಡಿದರು. ಪರದೆಯ ಮೇಲೆ ತೊಂಬತ್ತು ಡಿಗ್ರಿ ದಾಟುತ್ತಿದ್ದ ಶಾಖದ ಅಂಕಿ ನಲವತ್ತಕ್ಕೇ ನಿಂತಿತು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆಯೂ ಕಳೆಯಿತು. ಗುಜರಿಯ ಮಾತಾಡಿದ್ದ ಅಪ್ಪ ಕುರ್ಚಿ ಎಳೆದುಕೊಂಡು ಅಣ್ಣನ ಪಕ್ಕ ಕುಳಿತರು. ಇಬ್ಬರೂ ರೆಪ್ಪೆ ಬಡಿಯದೆ ಆ ಅಂಕಿಯನ್ನೇ ನೋಡುತ್ತಿದ್ದರು. ತಂಗಿ ಬೆರಳಿಗಂಟಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ.

"ಅಣ್ಣಾ, ಇನ್ನೊಂದ್ಸಲ ಬಿಚ್ಚು," ಎಂದಳು. "ಈ ಸಲ ನಾನು ಜೋಡಿಸ್ತೀನಿ."